ಪಾಠಕ್ಕೊಂದು ವೆಬ್‌ಸೈಟು, ನಮ್ಮೂರಿಂದಲೇ ಶುರು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ, ನಮ್ಮ ಭಾಗದಲ್ಲಿ ಅದನ್ನ ಯಾರು ಮರೀತಾರೆ? ಸೋಮವಾರ ಕಂಪ್ಲಿ ಕಡೆಯ ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೂ ಮುಂಚೆ ಏಳನೇ ಕ್ಲಾಸಿನ ಹುಡುಗ ಓಡಿಬಂದ.

"ಸರ್, ಡ್ಯಾಂ ಒಡದೈತಂತ್ರಿ. ಹೊಳಿ ಊರೊಳಗ ಬರ್ತೈತಂತ್ರಿ."

"ಯಾರು ಹೇಳಿದ್ರಪ್ಪ?"

"ಅಪ್ಪನ ವಾಟ್ಸಾಪ್‌ಗೆ ವಿಡಿಯೋ ಬಂದೈತ್ರಿ."

ಹೊಳೆದಂಡೆ ಮನೆಗಳ ಮಕ್ಕಳ ಮುಖ ಸಣ್ಣದಾಗಿತ್ತು. ಅವತ್ತು ಪುಸ್ತಕ ಬದಿಗಿಟ್ಟು ನನ್ನ ಮೊಬೈಲಲ್ಲಿ ತುಂಗಭದ್ರಾ ಮಂಡಳಿಯ ವೆಬ್‌ಸೈಟ್ ತೆಗೆದೆ. ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಅಲ್ಲಿ ಸಿಗುತ್ತೆ. ಅಂಕಿಗಳನ್ನು ಬೋರ್ಡಿನ ಮೇಲೆ ಬರೆದೆ. ಪೂರ್ಣ ಮಟ್ಟ 1633 ಅಡಿ. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಗುಣಾಕಾರ ಮಾಡೋ ಹೊತ್ತಿಗೆ ಮಕ್ಕಳಿಗೆ ಅರ್ಥವಾಯ್ತು: 33 ಗೇಟುಗಳಲ್ಲಿ ಹೋಗಿದ್ದು ಒಂದು, ಅಣೆಕಟ್ಟೆ ನಿಂತೇ ಇದೆ. ಆದರೆ ಉಳಿದ ಗೇಟುಗಳಿಂದಲೂ ನೀರು ಬಿಡ್ತಿದ್ದಾರೆ, ಹೊಳೆ ಕಡೆ ಹೋಗಬಾರದು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಕೂರಿಸಿ ಆ ಗೇಟಿನ ನೀರು ನಿಲ್ಲಿಸಿದರು.

ಅವತ್ತಿನಿಂದ ನಾನು ಪಾಠಕ್ಕೆ ವೆಬ್‌ಸೈಟ್ ಹುಡುಕುವಾಗ ನಮ್ಮೂರಿಂದಲೇ ಶುರು ಮಾಡ್ತೀನಿ. ಶಿಕ್ಷಕ ಮಿತ್ರರಿಗೆ ಕೆಲವನ್ನು ಹೇಳ್ತೀನಿ.

ಭೂಗೋಳಕ್ಕೆ ಇಸ್ರೋದ 'ಭುವನ್'. ಸಂಡೂರಿನ ಗುಡ್ಡಗಳನ್ನು ಉಪಗ್ರಹ ಚಿತ್ರದಲ್ಲಿ ತೋರಿಸಿ. ಹಸಿರು ಕಾಡಿನ ನಡುವೆ ಕೆಂಪಗೆ ಕಾಣೋ ಗಣಿಗಳನ್ನು ಮಕ್ಕಳೇ ಗುರುತಿಸ್ತಾರೆ.

ಇತಿಹಾಸಕ್ಕೆ ಯುನೆಸ್ಕೋದ ವಿಶ್ವ ಪರಂಪರೆ ತಾಣ. ಹಂಪಿ ಆ ಪಟ್ಟಿಗೆ ಸೇರಿದ್ದು 1986ರಲ್ಲಿ. ಸೇತುವೆ ಕಾಮಗಾರಿಯಿಂದಾಗಿ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ, 2006ರಲ್ಲಿ ಹೊರಬಂತು. ಊರಿಗೆ ಸೇತುವೆಯೂ ಬೇಕು, ಸ್ಮಾರಕವೂ ಬೇಕು, ಏನು ಮಾಡೋದು? ಹೊಸಪೇಟೆ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಚರ್ಚಾಸ್ಪರ್ಧೆ ವಿಷಯ ಬೇಕಾ? ಸೈಟ್ ಇಂಗ್ಲಿಷಿನಲ್ಲಿದೆ, ನಾವು ಓದಿಕೊಂಡು ಹೇಳಬೇಕು.

ವಿಜ್ಞಾನಕ್ಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್'. ವಿದ್ಯುತ್ ಮಂಡಲ, ಘರ್ಷಣೆ ಎಲ್ಲಾ ಬೆರಳಲ್ಲಿ ಆಡಿಸಿ ನೋಡಬಹುದು, ಕೆಲವು ಕನ್ನಡದಲ್ಲೂ ಇವೆ. ಸಣ್ಣ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್'. ಕನ್ನಡದ ಚಿತ್ರಕಥೆಗಳು ಓದಿನ ಮಟ್ಟದ ಪ್ರಕಾರ ಉಚಿತವಾಗಿ ಸಿಗುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 'ದೀಕ್ಷಾ' ತೆರೆಯುತ್ತೆ ಅನ್ನೋದಂತೂ ನಿಮಗೆ ಗೊತ್ತೇ ಇದೆ.

ಮೂರು ಮಾತು ನೆನಪಿಡಿ. ಪಾಠದ ಹೊತ್ತಿಗೆ ನೆಟ್‌ವರ್ಕ್ ಕೈಕೊಡುತ್ತೆ, ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳಿ. ಮಕ್ಕಳಿಗೆ ತೋರಿಸೋ ಮೊದಲು ನೀವು ಪೂರ್ತಿ ನೋಡಿ. ಮಕ್ಕಳ ಹೆಸರು, ಫೋನ್ ನಂಬರ್ ಕೇಳೋ ಸೈಟಿನಿಂದ ದೂರ ಇರಿ.

ಎಲ್ಲಕ್ಕಿಂತ ಮುಖ್ಯ, ಇದನ್ನ ಬರೆದವರು ಯಾರು, ಯಾವತ್ತಿನದು ಅಂತ ಕೇಳೋ ಅಭ್ಯಾಸ ಮಕ್ಕಳಿಗೆ ಬರಲಿ. ಮೊನ್ನೆ ಅದೇ ಹುಡುಗ ಇನ್ನೊಂದು ವಿಡಿಯೋ ನೋಡಿ ಬಂದಿದ್ದ. ನಾನು ಬಾಯಿ ತೆರೆಯೋ ಮೊದಲೇ ಅವನೇ ಹೇಳಿದ: "ಇದ್ರಾಗ ತಾರೀಖೇ ಇಲ್ರಿ ಸರ್, ನಂಬಂಗಿಲ್ಲ."

ನೀವು ಕ್ಲಾಸಿನಲ್ಲಿ ಬಳಸೋ ಸೈಟು ಯಾವುದು? ಬರೆದು ತಿಳಿಸಿ.