ಸಸ್ಯೋದ್ಯಾನ ಯಾರದು?

ವಿಶ್ವವಿದ್ಯಾನಿಲಯದ ಸಸ್ಯೋದ್ಯಾನವೆಂದರೆ ಹೂ ನೋಡಿ ಬರುವ ಜಾಗವೆಂದು ಅನೇಕರು ತಿಳಿದಿದ್ದಾರೆ. ಮೈಮುರಿದು ದುಡಿದು ಬಂದವನಿಗೆ ಅಲ್ಲೇನು ಕೆಲಸ ಎಂದು ಕೇಳುವವರೂ ಉಂಟು. ಈ ತಿಳಿವಳಿಕೆ ಸರಿಯಲ್ಲ. ಅಂಥ ತೋಟಗಳು ಹುಟ್ಟಿದ್ದು ವಿಲಾಸಕ್ಕಲ್ಲ, ಜನರ ಜೀವ ಕಾಯುವುದಕ್ಕೆ.

ಇಟಲಿಯ ಪಾಡುವಾ ವಿಶ್ವವಿದ್ಯಾನಿಲಯದ ತೋಟ 1545ರಲ್ಲಿ ಆರಂಭವಾಯಿತು. ನಿಜವಾದ ಮದ್ದಿನ ಗಿಡ ಯಾವುದು, ಅದನ್ನು ಹೋಲುವ ಹುಸಿ ಗಿಡ ಯಾವುದು ಎಂಬುದರಲ್ಲಿ ಆಗ ವೈದ್ಯರಿಗೇ ಗೊಂದಲ. ಖೊಟ್ಟಿ ಬೇರು ತಿಂದು ರೋಗಿ ಸಾಯುವ ಕಾಲ. ಗಿಡವನ್ನೇ ಕಣ್ಣೆದುರು ಬೆಳೆಸಿ ವಿದ್ಯಾರ್ಥಿಗೆ ತೋರಿಸಿದರು. ಅಲ್ಲಿ 1585ರಲ್ಲಿ ನೆಟ್ಟ ತಾಳೆಜಾತಿಯ ಮರವೊಂದು ಇಂದಿಗೂ ಜೀವಂತವಾಗಿದೆ. ಗಿಡಮೂಲಿಕೆ ಮಾರುವ ನಮ್ಮ ಗ್ರಂದಿಗೆ ಅಂಗಡಿಯವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಲಾಲ್‌ಬಾಗ್ ವಿಶ್ವವಿದ್ಯಾನಿಲಯದ್ದಲ್ಲ, ಸರ್ಕಾರದ್ದು. ಆದರೂ ಪಾಠ ಒಂದೇ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟಕ್ಕೆ ಟಿಪ್ಪು ಪರದೇಶಗಳಿಂದ ಬೀಜ, ಸಸಿ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಅಧಿಕಾರಕ್ಕೆ ಬಂದ ಜಾನ್ ಕ್ಯಾಮರಾನ್ ಪರಿಚಯಿಸಿದ ಸೀಮೆಬದನೆ ಇಂದು ಸಂತೆಯಲ್ಲಿ ಬಡವನ ತಕ್ಕಡಿಗೂ ಬೀಳುತ್ತದೆ. ದೊರೆಯ ತೋಟದ ಗಿಡ ಜನರ ಅಡುಗೆಮನೆಗೆ ಬಂತು.

ಇನ್ನು ಹತ್ತಿಯ ಮಾತು. ದಾವಣಗೆರೆಯ ಗಿರಣಿಗಳಲ್ಲಿ ನೂಲು ತೆಗೆದ ಕೈಗಳಿಗೆ ಎಳೆಯ ಉದ್ದವೆಂದರೇನೆಂದು ಗೊತ್ತು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು ವರಲಕ್ಷ್ಮಿ ಎಂಬ ಮಿಶ್ರತಳಿಯನ್ನು ಕೊಟ್ಟರು. ಅದರ ಒಂದು ಬೇರು ನಮ್ಮ ಲಕ್ಷ್ಮಿ ಹತ್ತಿ. ಇನ್ನೊಂದು ರಷ್ಯದಿಂದ ಬಂದ ಉದ್ದೆಳೆಯ ಹತ್ತಿ. ಎರಡನ್ನೂ ಯಾರೋ ಜೋಪಾನ ಮಾಡಿ ಇಟ್ಟಿದ್ದರಿಂದಲ್ಲವೇ ಮೂರನೆಯದು ಹುಟ್ಟಿದ್ದು? 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಜವಾರಿ ಹತ್ತಿ ಬಹುಮಟ್ಟಿಗೆ ಹೊಲ ಬಿಟ್ಟುಹೋಯಿತು. ಹೊಲದಲ್ಲಿ ಇಲ್ಲದ್ದು ಸಂಗ್ರಹದಲ್ಲೂ ಇಲ್ಲವಾದರೆ ನಾಳೆ ರೈತ ಬೀಜಕ್ಕಾಗಿ ಕಂಪನಿಯ ಬಾಗಿಲಲ್ಲದೆ ಮತ್ತಾವ ಬಾಗಿಲು ತಟ್ಟಬೇಕು?

ಸೊಕ್ಕೆಯ ಕಡೆ ನೋಡಿ. ಜಗಳೂರು ಸೀಮೆ ಬರಗಾಲದ ಸೀಮೆ. ಆದರೆ ಬರವನ್ನು ಗೆದ್ದು ನಿಲ್ಲುವ ಗಿಡಗಳ ಸೀಮೆಯೂ ಹೌದು. ಕಮರದ ನಾರಿನಿಂದ ಹಗ್ಗ ಹೊಸೆದರು, ಸೊಪ್ಪನ್ನು ದನಕ್ಕೆ ಹಾಕಿದರು. ತಂಗಡಿಯ ತೊಗಟೆಯಿಂದ ಚರ್ಮ ಹದಮಾಡಿದರು. ಈ ವಿದ್ಯೆ ಮುದುಕರ ಬಾಯಲ್ಲಿದೆ, ಅವರೊಂದಿಗೇ ಮಣ್ಣಾಗುತ್ತಿದೆ. ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿಗಾಗಿ ಅಭಯಾರಣ್ಯ ಮಾಡಿದ್ದು ಒಳ್ಳೆಯದೇ. ಆದರೆ ಕಾಡಿನಲ್ಲಿ ಗಿಡಕ್ಕೆ ಹೆಸರಿನ ಹಲಗೆ ಇರುವುದಿಲ್ಲ. ಕಲಿಸಲು ತೋಟವೇ ಬೇಕು.

ಆದ್ದರಿಂದ ನಾವು ಕೇಳುವುದು ಇಷ್ಟು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯವು ಈ ಒಣನಾಡಿನ ಗಿಡ, ಮರ, ಬೀಜಗಳಿಗೆ ತನ್ನ ನೆಲದಲ್ಲಿ ಅಗ್ರಸ್ಥಾನ ಕೊಡಲಿ. ಪ್ರತಿ ಗಿಡದ ಹಲಗೆಯ ಮೇಲೆ ಕನ್ನಡದ ಹೆಸರೂ ಉಪಯೋಗವೂ ಇರಲಿ. ದುಡಿಯುವವರಿಗೆ ಬಿಡುವಿರುವ ಭಾನುವಾರ ಬಾಗಿಲು ತೆರೆದಿರಲಿ, ಪ್ರವೇಶಕ್ಕೆ ಕಾಸು ಬೇಡ. ಸಸಿಗಳು ಅಗ್ಗದಲ್ಲಿ ರೈತರಿಗೆ ಸಿಗಲಿ.

ಇದು ಭಿಕ್ಷೆಯಲ್ಲ. ಬೆಂಕಿಪೆಟ್ಟಿಗೆಯಿಂದ ಬಟ್ಟೆಯವರೆಗೆ ಕೊಂಡದ್ದಕ್ಕೆಲ್ಲ ತೆರಿಗೆ ಕೊಡುವವರು ನಾವು. ವಿಶ್ವವಿದ್ಯಾನಿಲಯ ನಡೆಯುವುದು ಆ ಹಣದಿಂದಲೂ ಹೌದು. ನೀರು ಹೊತ್ತವನಿಗೆ ನೆರಳಿನಲ್ಲಿ ಪಾಲು ಬೇಡವೇ?