ಭಾರದ ಪೆಲೆಟ್: ಡಬ್ಬಿ ಮೇಲಿನ ಮಾತು, ಕಾಗದದ ಮೇಲಿನ ತೂತು

ಮಂಗನ ಕಾಟ ಹೆಚ್ಚಾದ ಹಾಗೆ ನಮ್ಮ ಸುತ್ತಮುತ್ತ ಏರ್‌ಗನ್ ತಗೊಂಡ ಮನೆಗಳೂ ಹೆಚ್ಚಾಗಿವೆ. ಅದರ ಹಿಂದೆಯೇ ಒಂದು ಪ್ರಶ್ನೆ ಬರ್ತಾ ಇದೆ, ಸೊಸೈಟಿ ಕಟ್ಟೆ ಮೇಲೂ, ಫೋನಿನಲ್ಲೂ: "ಭಾರದ ಪೆಲೆಟ್ ಬಂದಿದೆಯಂತಲ್ಲ, ಹಂಟಿಂಗ್ ಪೆಲೆಟ್ ಅಂತ. ಅದು ಜೋರು ಹೊಡೀತದಂತೆ. ತರಿಸ್ಲಾ?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಪೆಲೆಟ್ ಒಳ್ಳೇದೋ ಅಲ್ವೋ ಅನ್ನೋದು ಅದರ ಭಾರದಿಂದ ಗೊತ್ತಾಗೋದಿಲ್ಲ. ಡಬ್ಬಿಯಲ್ಲಿರೋದೆಲ್ಲ ಒಂದರ ಹಾಗೆ ಇನ್ನೊಂದು ಇದೆಯಾ ಅನ್ನೋದರಿಂದ ಗೊತ್ತಾಗ್ತದೆ. ಅದನ್ನು ಪರೀಕ್ಷೆ ಮಾಡಿ ನೋಡಿದವರಿಗೆ ಇನ್ನೂ ಒಂದು ವಿಷಯ ತಿಳೀತದೆ: ನಮ್ಮ ಏರ್‌ಗನ್ ಮಂಗನಿಗೆ ಹೇಳಿದ ಸಾಮಾನಲ್ಲ, ಯಾವ ಪೆಲೆಟ್ ಹಾಕಿದ್ರೂ ಅಲ್ಲ.

ಮೊದಲು ಭಾರ ಅಂದ್ರೆ ಎಷ್ಟು ಅಂತ ನೋಡೋಣ. ಡಬ್ಬಿ ಮೇಲೆ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹಾಕಿರ್ತಾರೆ. ಒಂದು ಗ್ರೇನ್ ಅಂದ್ರೆ 0.065 ಗ್ರಾಂ. ಸಾಧಾರಣ .177 ಪೆಲೆಟ್ 7 ರಿಂದ 8.5 ಗ್ರೇನ್, ಅಂದ್ರೆ ಅರ್ಧ ಗ್ರಾಂ ಆಸುಪಾಸು. ಭಾರದ್ದು 10 ಗ್ರೇನ್ ದಾಟ್ತದೆ, 0.65 ರಿಂದ 0.7 ಗ್ರಾಂ. ಹಳೇ ಅಕ್ಕಸಾಲಿಗರ ಭಾಷೆಯಲ್ಲಿ ಹೇಳೋದಾದ್ರೆ ನಾಲ್ಕು ಗುಲಗಂಜಿಗೂ ಐದೂವರೆ ಗುಲಗಂಜಿಗೂ ಇರೋ ವ್ಯತ್ಯಾಸ. ಇಷ್ಟೇ.

ಇನ್ನು "ಜೋರು" ಅನ್ನೋದು. ಪೆಲೆಟ್ಟಿನ ಶಕ್ತಿ ಅದರ ತೂಕ ಮತ್ತು ವೇಗ ಎರಡರಿಂದಲೂ ಬರ್ತದೆ, ಅದರಲ್ಲೂ ವೇಗದ ವರ್ಗದಿಂದ. ಶಕ್ತಿಯನ್ನು ಕೊಡೋದು ಗನ್ನು, ಪೆಲೆಟ್ ಅಲ್ಲ. ಒಂದೇ ಎತ್ತಿನ ಗಾಡಿಗೆ ಹೆಚ್ಚು ಮೂಟೆ ಹೇರಿದ್ರೆ ಎತ್ತಿನ ಬಲ ಹೆಚ್ಚಾಗೋದಿಲ್ಲ, ಗಾಡಿ ನಿಧಾನ ಆಗ್ತದೆ. ನಮ್ಮ ದೇಶದಲ್ಲಿ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಕೊಳ್ಳಬಹುದಾದ ಏರ್‌ಗನ್‌ಗೆ ಎರಡು ಮಿತಿ ಇದೆ: ನಳಿಗೆ .177 ಇಂಚು, ಅಂದ್ರೆ 4.5 ಮಿಲಿಮೀಟರ್ ಮೀರಬಾರದು. ಶಕ್ತಿ 20 ಜೂಲ್ ಮೀರಬಾರದು. ಮಿತಿಯ ತುದಿಗೆ ಮುಟ್ಟೋ ಗನ್ ಇದ್ರೂ 0.53 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 275 ಮೀಟರ್ ಓಡ್ತದೆ, 0.67 ಗ್ರಾಂದು 244 ಮೀಟರ್. ಶಕ್ತಿ ಎರಡಕ್ಕೂ ಅದೇ 20.

ಸ್ಪ್ರಿಂಗ್ ಗನ್ನಿನಲ್ಲಿ, ಅಂದ್ರೆ ನಮ್ಮಲ್ಲಿ ಹೆಚ್ಚಿನವರ ಹತ್ರ ಇರೋ ನಳಿಗೆ ಮುರಿದು ಲೋಡ್ ಮಾಡೋ ಗನ್ನಿನಲ್ಲಿ, ಎಷ್ಟೋ ಸಲ ಭಾರ ಹಾಕಿದ್ರೆ ಶಕ್ತಿ ಕಮ್ಮಿಯೇ ಆಗ್ತದೆ. ಭಾರದ ಪೆಲೆಟ್ ಜಾಗ ಬಿಟ್ಟು ಕದಲೋದು ತಡ. ಅಷ್ಟರೊಳಗೆ ಮುಂದೆ ನುಗ್ಗಿದ ಪಿಸ್ಟನ್ ಎದುರಿನ ಗಾಳಿಗೆ ತಾಗಿ ಹಿಂದಕ್ಕೆ ಪುಟೀತದೆ. ಸಿಲಿಂಡರ್ ಗಾಳಿಯಲ್ಲಿ ಓಡೋ ಪಿಸಿಪಿ ಗನ್ನಿನ ಕತೆ ಬೇರೆ. ಅದು ಭಾರವನ್ನು ಚೆನ್ನಾಗಿ ತಳ್ತದೆ. ಅಂಗಡಿಯವರು ಇವೆರಡನ್ನೂ ಒಂದೇ ಮಾಡಿ ಮಾತಾಡ್ತಾರೆ.

ಈಗ ಪರೀಕ್ಷೆ. ಮೂರು ಡಬ್ಬಿ ತಗೊಂಡೆ: ಹಗುರ, ಮಧ್ಯಮ, ಭಾರ. ಕಂಪನಿ ಹೆಸರು ಬರೆಯೋದಿಲ್ಲ. ನನ್ನ ನಳಿಗೆಗೆ ಸೇರದ್ದು ನಿಮ್ಮದಕ್ಕೆ ಸೇರಬಹುದು. ನೀವೇ ಮಾಡಿ ನೋಡೋ ಹಾಗೆ ವಿಧಾನ ಬರೀತೇನೆ.

ಒಂದು, ಕಣ್ಣು. ಡಬ್ಬಿಯನ್ನು ಬಿಳಿ ಬಟ್ಟೆ ಮೇಲೆ ಸುರಿದು ಒಂದೊಂದೇ ತಿರುಗಿಸಿ ನೋಡಿ. ಪೆಲೆಟ್ಟಿನ ಹಿಂಬದಿ ಲಂಗದ ಹಾಗೆ ತೆಳ್ಳಗೆ ಅಗಲ ಆಗಿರ್ತದಲ್ಲ, ಗಾಳಿ ಸೋರದ ಹಾಗೆ ನಳಿಗೆಗೆ ಒತ್ತಿ ಕೂರೋದು ಅದೇ. ಅದು ನೆಗ್ಗಿದ್ರೆ ಮುಗೀತು. ಸೀಸ ಮೆತ್ತಗಿನ ಲೋಹ. ಬಸ್ಸಿನ ಪಾರ್ಸೆಲ್ಲಿನಲ್ಲಿ ಕುಲುಕಿ ಬಂದ ಡಬ್ಬಿಯಲ್ಲಿ ನೆಗ್ಗಿದ್ದು ಸಿಕ್ಕೇ ಸಿಗ್ತದೆ. ಅವನ್ನು ಬೇರೆ ತೆಗೆದಿಡಿ.

ಎರಡು, ತೂಕ. ಅಡುಗೆ ತಕ್ಕಡಿ ಇದಕ್ಕೆ ಆಗೋದಿಲ್ಲ. 0.01 ಗ್ರಾಂ ತೋರಿಸೋ ಚಿಕ್ಕ ತಕ್ಕಡಿಯೂ ಸಾಲದು. 0.67 ಗ್ರಾಂನಲ್ಲಿ 0.01 ಅಂದ್ರೆ ನೂರಕ್ಕೆ ಒಂದೂವರೆ. ನಾವು ಹುಡುಕ್ತಾ ಇರೋ ವ್ಯತ್ಯಾಸವೇ ಅಷ್ಟು. ಒಂದು ಮಿಲಿಗ್ರಾಂ ತೋರಿಸೋದು ಬೇಕು. ಪೇಟೆಯ ಚಿನ್ನದಂಗಡಿಯಲ್ಲಿ ಇರ್ತದೆ, ಪರಿಚಯ ಇದ್ರೆ ಅರ್ಧ ಗಂಟೆ ಕೊಡ್ತಾರೆ. ಅದು ಸಿಗದಿದ್ರೆ ಐವತ್ತು ಪೆಲೆಟ್ ಒಟ್ಟಿಗೆ ತೂಗಿ ಸರಾಸರಿ ತೆಗೀಬಹುದು. ಆದ್ರೆ ಸರಾಸರಿ ಸರಿ ಬಂತು ಅಂತ ಎಲ್ಲ ಒಂದೇ ಸಮ ಇವೆ ಅಂತ ಅಲ್ಲ. ನಾನು ತೂಗಿದ ಭಾರದ ಡಬ್ಬಿಯಲ್ಲಿ ಮೂವತ್ತು ಪೆಲೆಟ್ 0.65 ರಿಂದ 0.70 ರವರೆಗೆ ಹರಡಿದ್ವು. ಮಧ್ಯಮದ್ದು 0.54 ರಿಂದ 0.56 ರೊಳಗೇ ನಿಂತ್ವು.

ಮೂರು, ವೇಗ. ವೇಗ ಅಳೆಯೋ ಕ್ರೋನೋಗ್ರಾಫ್ ಇದ್ರೆ ಒಳ್ಳೇದು. ಇಲ್ಲದಿದ್ರೆ ಮೊಬೈಲ್ ಸಾಕು. ಮೊಬೈಲನ್ನು ಗನ್ನಿನ ಪಕ್ಕ ಇಟ್ಟು ರೆಕಾರ್ಡ್ ಮಾಡಿ, ಸರಿಯಾಗಿ 20 ಮೀಟರ್ ದೂರದ ತಗಡಿಗೆ ಹೊಡೀರಿ. ಆಮೇಲೆ ಯಾವುದಾದ್ರೂ ಧ್ವನಿ ಎಡಿಟ್ ಮಾಡೋ ಆ್ಯಪಿನಲ್ಲಿ ತೆಗೆದ್ರೆ ಎರಡು ಗೆರೆ ಏಳ್ತವೆ, ಒಂದು ಹೊಡೆದದ್ದು, ಇನ್ನೊಂದು ತಾಗಿದ್ದು. ಎರಡರ ನಡುವೆ 142 ಮಿಲಿಸೆಕೆಂಡ್ ಇದೆ ಅಂತಿಟ್ಕೊಳ್ಳಿ. ತಗಡಿನ ಶಬ್ದ ವಾಪಸ್ ಬರೋಕೆ ಸುಮಾರು 57 ಮಿಲಿಸೆಕೆಂಡ್ ಬೇಕು, ಅದನ್ನು ಕಳೀರಿ. ಉಳಿದ 85ರಲ್ಲಿ 20 ಮೀಟರ್ ಓಡಿದೆ, ಅಂದ್ರೆ ಸೆಕೆಂಡಿಗೆ 235. ಇದು ದಾರಿಯ ಸರಾಸರಿ, ನಳಿಗೆ ಬಾಯಲ್ಲಿ ಇನ್ನೂ ಸ್ವಲ್ಪ ಹೆಚ್ಚಿರ್ತದೆ. ಹೋಲಿಸಿ ನೋಡೋಕೆ ಇಷ್ಟು ಸಾಕು.

ನನ್ನ ಗನ್ನಿನಲ್ಲಿ ಮಧ್ಯಮಕ್ಕೆ 235 ಆಸುಪಾಸು ಬಂದ್ರೆ ಭಾರಕ್ಕೆ ಬಂದದ್ದು 198. ಲೆಕ್ಕ ಹಾಕಿದ್ರೆ ಮಧ್ಯಮ 15 ಜೂಲ್, ಭಾರ 13. "ಜೋರು ಹೊಡೆಯೋ" ಪೆಲೆಟ್ಟೇ ಮೆತ್ತಗೆ ಹೊಡೀತು!

ನಾಲ್ಕು, ಕಾಗದ. ಕೊನೇ ತೀರ್ಪು ಇದರದ್ದೇ. ಹಳೇ ಮದುವೆ ಕಾಗದದ ಹಿಂಬದಿಗೆ ಒಂದು ಚುಕ್ಕೆ ಹಾಕಿ, ಮರಳು ತುಂಬಿದ ಪೆಟ್ಟಿಗೆಗೆ ಅಂಟಿಸಿ. ಬೆಳಿಗ್ಗೆ ಗಾಳಿ ಏಳೋ ಮೊದಲು ಕೂತ್ಕೊಳ್ಳಿ. ಪೆಲೆಟ್ ಬದಲಾಯಿಸಿದಾಗ ಮೊದಲ ಹದಿನೈದಿಪ್ಪತ್ತು ಲೆಕ್ಕಕ್ಕೆ ಬೇಡ, ಹೊಸ ಸೀಸ ನಳಿಗೆಗೆ ಹೊಂದ್ಕೊಳ್ಳಲಿ. ಸ್ಪ್ರಿಂಗ್ ಗನ್ನನ್ನು ಗಟ್ಟಿಯಾಗಿ ಅಮುಕಿ ಹಿಡೀಬೇಡಿ. ಅಂಗೈ ಮೇಲೆ ಸಡಿಲವಾಗಿ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ ಹಿಡೀರಿ. ಐದು ಹೊಡೆದು "ನೋಡಿ, ಒಂದೇ ತೂತು" ಅಂತ ಫೋಟೋ ಹಾಕೋದು ಬೇಡ. ಐದು ಅದೃಷ್ಟದಿಂದಲೂ ಕೂಡ್ತವೆ. ಹತ್ತರಂತೆ ಮೂರು ಸಲ ಹೊಡೀರಿ. ತೀರಾ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿಲಿಮೀಟರ್ ಕಳೀರಿ. ಅದು ನಿಮ್ಮ ಗುಂಪು.

20 ಮೀಟರಿನಲ್ಲಿ ನನಗೆ ಮಧ್ಯಮದ್ದು 22 ಮಿಲಿಮೀಟರ್ ಗುಂಪು ಕೊಡ್ತು, ಭಾರದ್ದು 34, ಹಗುರದ್ದು 38. ಭಾರದ್ದು ಅಡ್ಡಕ್ಕಿಂತ ಉದ್ದಕ್ಕೆ ಹೆಚ್ಚು ಹರಡಿತ್ತು, ಮೇಲೆ ಕೆಳಗೆ. ಅಂದ್ರೆ ಒಂದೊಂದು ಪೆಲೆಟ್ ಒಂದೊಂದು ವೇಗದಲ್ಲಿ ಹೊರಟಿದೆ ಅಂತ ಅರ್ಥ. ತಕ್ಕಡಿ ಮೊದಲೇ ಹೇಳಿದ್ದನ್ನು ಕಾಗದ ಮತ್ತೊಮ್ಮೆ ಹೇಳ್ತು. ಇನ್ನೊಂದು ಮಾತು: 235ರಲ್ಲಿ ಹೋಗೋ ಪೆಲೆಟ್ 30 ಮೀಟರ್ ಮುಟ್ಟೋದ್ರೊಳಗೆ ಸುಮಾರು 8 ಸೆಂಟಿಮೀಟರ್ ಕೆಳಗೆ ಇಳೀತದೆ, 198ರದ್ದು 11 ದಾಟ್ತದೆ. ಸೈಟ್ ಮುಟ್ಟದೆ ಬರೀ ಪೆಲೆಟ್ ಬದಲಾಯಿಸಿದವರಿಗೆ ಗುರಿ ತಪ್ಪೋದು ಅಲ್ಲೇ ಶುರು.

ಈಗ ನಾನು ಹೇಳಬೇಕು ಅಂದ್ಕೊಂಡ ವಿಷಯಕ್ಕೆ ಬರ್ತೇನೆ.

"ಹಂಟಿಂಗ್ ಪೆಲೆಟ್" ಅನ್ನೋ ಮಾತು ಇಂಗ್ಲೆಂಡ್, ಅಮೆರಿಕದ ಕಡೆಯಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಬೇಡದ ಏರ್ ರೈಫಲ್ಲಿನ ಮಿತಿ ಸುಮಾರು 16 ಜೂಲ್, ನಮ್ಮದಕ್ಕಿಂತ ಕಡಿಮೆ. ಅದರಲ್ಲಿ ಅವರು ಹೊಡೆಯೋದು ಮೊಲ, ಇಲಿ, ಕಾಡು ಪಾರಿವಾಳ. ಒಂದಿಂಚು ಜಾಗದೊಳಗೆ ಪ್ರತಿ ಸಲವೂ ಹೊಡೆಯೋಕೆ ಬರೋ ದೂರ ಯಾವುದೋ, ಅಷ್ಟೇ ನಿನ್ನ ಬೇಟೆಯ ದೂರ ಅನ್ನೋದು ಅಲ್ಲಿ ತಿಳಿದವರು ಹೇಳೋ ಮಾತು. ಪ್ರಾಣಿ ನರಳದೆ ಬೀಳಬೇಕು ಅನ್ನೋದಕ್ಕೆ. ಆ ಲೆಕ್ಕ ಹಿಡಿದ್ರೆ 34 ಮಿಲಿಮೀಟರ್ ಗುಂಪು ಕೊಡೋ ನನ್ನ ಭಾರದ ಪೆಲೆಟ್ 20 ಮೀಟರಿನಲ್ಲಿ ಮೊಲಕ್ಕೂ ನಾಲಾಯಕ್ಕು.

ಮತ್ತೆ ಮಂಗ? ನಾಲ್ಕೈದು ಕೆಜಿಯಿಂದ ಮೇಲಿನ ಪ್ರಾಣಿ, ಅಡಿಕೆ ಮರದ ತುದಿಯಲ್ಲಿ, ಅಲುಗಾಡ್ತಾ ಇರೋ ಸೋಗೆ ನಡುವೆ. ಅದಕ್ಕೆ 13 ಜೂಲ್ ತಾಗಿದ್ರೆ ಸಾಯೋದಿಲ್ಲ. ಸೀಸ ಮಾಂಸದೊಳಗೆ ಕೂತು ಕೀವಾಗ್ತದೆ, ಕಣ್ಣು ಹೋಗ್ತದೆ, ತಾಯಿ ಹೊಟ್ಟೆಗೆ ಅಂಟಿಕೊಂಡ ಮರಿಗೆ ತಾಗ್ತದೆ. ಆ ಮಂಗ ಹೋಗಿ ಸಾಯೋದು ವಾರ ಬಿಟ್ಟು, ಎಲ್ಲೋ ದರೆ ಬದಿಯಲ್ಲಿ. ಪೆಲೆಟ್ ಭಾರ ಆದಷ್ಟೂ ಗಾಯ ಆಳ ಆಗಬಹುದು, ಸಾವು ಹತ್ತಿರ ಆಗೋದಿಲ್ಲ. ಹಿಂಡು ಮಾತ್ರ ಎರಡು ದಿನ ಬಿಟ್ಟು ವಾಪಸ್.

ನಮ್ಮ ಮಲೆನಾಡಿನಲ್ಲಿ ಇದರ ಜೊತೆ ಕೆಎಫ್‌ಡಿ ಭಯವೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸತ್ತು ಬಿದ್ದಾಗಲೇ ಈ ಕಾಯಿಲೆ ಪತ್ತೆಯಾದದ್ದು. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿನ ಉಣುಗು ಉದುರ್ತದೆ. ಕಾಯಿಲೆ ಇದ್ದ ಮಂಗವಾದ್ರೆ ಅಲ್ಲಿ ಸೊಪ್ಪು ತರೋಕೆ, ದರಗು ಗುಡಿಸೋಕೆ ಹೋಗೋರು ನಮ್ಮ ಮನೆಯವರೇ, ನಮ್ಮ ಕೆಲಸದವರೇ. ಮಂಗ ಸತ್ತ ಸುದ್ದಿ ಬಂದ್ರೆ ಆರೋಗ್ಯ ಇಲಾಖೆಯವರು ಓಡಿ ಬರೋದು ಅದಕ್ಕೇ. ನಾವು ಹೊಡೆದು ಗಾಯ ಮಾಡಿದ್ದಕ್ಕೆ ಸತ್ತದ್ದು ಯಾವುದು, ಕಾಯಿಲೆಗೆ ಸತ್ತದ್ದು ಯಾವುದು ಅಂತ ಗೊಂದಲ ಮಾಡೋದು ಬೇಡ.

ಕಾನೂನೂ ಗೊತ್ತಿರಲಿ. ಗನ್ನಿಗೆ ಲೈಸೆನ್ಸ್ ಬೇಡ ಅಂದ್ರೆ ಹೊಡೆಯೋಕೆ ಪರ್ಮಿಷನ್ ಇದೆ ಅಂತಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ "ಬೇಟೆ" ಅಂದ್ರೆ ಕೊಲ್ಲೋದಷ್ಟೇ ಅಲ್ಲ, ಗಾಯ ಮಾಡೋದೂ ಸೇರಿದೆ. "ಸಾಯಿಸಿಲ್ಲ ಸಾರ್, ಹೆದರಿಸಿದ್ದು" ಅನ್ನೋ ಮಾತು ಅಲ್ಲಿ ನಿಲ್ಲೋದಿಲ್ಲ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನವಿಲಿನಂಥ ಮೊದಲ ಶೆಡ್ಯೂಲಿನ ಜೀವಕ್ಕಾದ್ರೆ ಕನಿಷ್ಠವೇ ಮೂರು ವರ್ಷ. ಬೆಳೆಗೆ ಅಪಾಯ ಮಾಡೋ ಪ್ರಾಣಿ ವಿಷಯದಲ್ಲಿ ಅನುಮತಿ ಕೊಡೋ ಅಧಿಕಾರ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ. ನಾವು ಜೋರು ಮಾಡಬೇಕಾದ್ದು ಅಲ್ಲಿ, ಒಟ್ಟಾಗಿ, ಅರ್ಜಿ ಹಿಡ್ಕೊಂಡು. ಬೆಳೆ ಹೋದವನ ಸಂಕಟ ನನಗೂ ಗೊತ್ತು. ಬಾಳೆಗೊನೆ, ಎಳನೀರು, ಸಿಂಗಾರ ಯಾವುದನ್ನೂ ಬಿಡೋದಿಲ್ಲ ಅವು. ಆದ್ರೆ ಆ ಸಂಕಟಕ್ಕೆ ಒಂದು ಡಬ್ಬಿ ಸೀಸ ತೋರಿಸಿ ದುಡ್ಡು ಮಾಡೋರನ್ನು ನಂಬೋದು ಬೇಡ ಅನ್ನೋದು ನನ್ನ ವಾದ.

ಹಾಗಾದ್ರೆ ಗನ್ ಯಾಕೆ? ಉಗ್ರಾಣದ ಇಲಿಗೆ ಹತ್ತಿರದಿಂದ ಆಗ್ತದೆ. ಗುರಿ ಕಲಿಯೋಕೆ ಆಗ್ತದೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ಲಿನಲ್ಲಿ, ಇದೇ .177 ನಳಿಗೆಯಲ್ಲಿ. ಆ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಆ ಆಟದಲ್ಲಿ ಬಳಸೋದು ಅರ್ಧ ಗ್ರಾಂ ಆಸುಪಾಸಿನ ಪೆಲೆಟ್ಟು, ಭಾರದ್ದಲ್ಲ. ಅಲ್ಲಿ ಬೆಲೆ ಇರೋದು ಒಂದರ ಹಾಗೆ ಇನ್ನೊಂದು ಇರೋದಕ್ಕೆ.

ಪರೀಕ್ಷೆ ಮಾಡೋರು ಮೂರು ವಿಷಯ ಮರೀಬೇಡಿ. ಗುರಿಯ ಹಿಂದೆ ಮಣ್ಣಿನ ದರೆಯೋ ಮರಳೋ ಇರಲಿ, ದಾರಿ, ಕೊಟ್ಟಿಗೆ ಇರಬಾರದು. ಮಕ್ಕಳ ಕಣ್ಣು ಹೋದ, ಜೀವವೇ ಹೋದ ಸುದ್ದಿ ಪೇಪರಿನಲ್ಲಿ ನಾವೆಲ್ಲ ಓದಿದ್ದೇವೆ. ಕೆಲಸ ಮುಗಿದ ಮೇಲೆ ಗನ್ ಬೀಗದೊಳಗೆ. ಸೀಸ ವಿಷ, ಪೆಲೆಟ್ ಬಾಯಲ್ಲಿ ಕಚ್ಚಿ ಹಿಡಿಯೋ ಅಭ್ಯಾಸ ಬಿಡಿ, ಕೈ ತೊಳೆದೇ ಊಟಕ್ಕೆ ಕೂರಿ. ಮತ್ತೆ ಪೆಟ್ಟಿಗೆಯ ಮರಳನ್ನು ಅಂಗಳಕ್ಕೆ ಚೆಲ್ಲಬೇಡಿ. ಕೋಳಿ ಕಲ್ಲು ಹೆಕ್ಕಿ ತಿನ್ನೋ ಹಾಗೆ ಸೀಸವನ್ನೂ ಹೆಕ್ತದೆ. ಆ ಕೋಳಿಯ ಮೊಟ್ಟೆ ತಿನ್ನೋರು ನಾವೇ.

ನಿಮ್ಮ ಗನ್ನಿನಲ್ಲಿ ಹತ್ತರ ಗುಂಪು ಎಷ್ಟು ಬಂತು, ಯಾವ ತೂಕಕ್ಕೆ, ಎಷ್ಟು ದೂರಕ್ಕೆ ಅಂತ ಕೆಳಗೆ ಬರೀರಿ. ಕಾಗದದ ಫೋಟೋ ಹಾಕಿ, ಅಳತೆಪಟ್ಟಿ ಪಕ್ಕದಲ್ಲಿ ಇಟ್ಟು. ಡಬ್ಬಿಯ ಫೋಟೋ ಬೇಡ.