ನಾಯಿ ಅರಿತ ದನಿ

ಗಲ್ಲೆಯಲ್ಲಿ ಹುಟ್ಟಿದ ಸಿಡುಕು ಮಾಣಿಯ ಮೇಲೆ, ಮಾಣಿಯದು ಕ್ಲೀನರ್ ಹುಡುಗನ ಮೇಲೆ, ಅವನದು ಹಿಂಬಾಗಿಲಿನ ನಾಯಿಯ ಮೇಲೆ ಇಳಿಯುವುದನ್ನು ನಾವು ಹೋಟೆಲುಗಳಲ್ಲಿ ಕಂಡಿದ್ದೇವೆ. ಕಚೇರಿಗಳೂ ಇದಕ್ಕೆ ಹೊರತಲ್ಲ. ಸಿಟ್ಟು ಬಂದಿದೆಯೆಂದು ನಮಗೇ ತಿಳಿಯುವ ಮೊದಲು ಆ ಮೂಕಪ್ರಾಣಿ ಬಾಲ ಮುದುಡಿ ದೂರ ಸರಿದಿರುತ್ತದೆ.

2016ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದ ವಿಜ್ಞಾನಿಗಳು ಸಾಕುನಾಯಿಗಳ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿದರು. ಹೊಗಳಿಕೆಯ ಮಾತಿಗೆ ಹೊಗಳಿಕೆಯ ದನಿಯೂ ಕೂಡಿದಾಗ ಮಾತ್ರ ಮಿದುಳಿನಲ್ಲಿ ಸಂತೋಷದ ಭಾಗ ಚುರುಕಾಯಿತು; ಬರಿಯ ಮಾತಿಗಲ್ಲ, ಬರಿಯ ದನಿಗೂ ಅಲ್ಲ.

ಊರು ಬಿಟ್ಟು ಬಂದ ಹುಡುಗನಿಗೂ "ಊಟವಾಯಿತೇ ತಮ್ಮಾ" ಎಂಬ ಮಾತಿಗಿಂತ ಮೊದಲು ಅದರ ದನಿಯೇ ಮುಟ್ಟುತ್ತದೆ. ಆದರೆ ಅವನು ನಾಯಿಯಂತೆ ದೂರ ಸರಿಯಲಾರ. ತಲೆ ತಗ್ಗಿಸಿ ಲೋಟ ತೊಳೆಯುತ್ತಾನೆ. ಆದುದರಿಂದ ನಾಯಿ ಹಿಂಜರಿದಾಗ ಅದನ್ನು ಗದರಿಸುವ ಬದಲು, ಮಾಲಿಕರಾದಿಯಾಗಿ ನಾವೆಲ್ಲರೂ ನಮ್ಮ ದನಿಯನ್ನು ನಾವೇ ಒಮ್ಮೆ ಕೇಳಿಕೊಳ್ಳುವುದು ಲೇಸು.